ತೋಟದ ನಾಯಿ ಮಂಕಾಗಿದೆಯಾ? ಈ ಲಕ್ಷಣ ಕಂಡರೆ ನಾಳೆಗೆ ಬಿಡಬೇಡಿ

ತೋಟಕ್ಕೆ ಹಂದಿ ನುಗ್ಗಿದರೆ ಮೊದಲು ಗೊತ್ತಾಗೋದು ನಾಯಿಗೆ. ಆದರೆ ಆ ನಾಯಿಗೇ ಹುಷಾರಿಲ್ಲ ಅನ್ನೋದು ನಮಗೆ ಗೊತ್ತಾಗೋದು ತಡವಾಗಿ. ಹೆಬ್ಬೆ, ಕೆಮ್ಮಣ್ಣುಗುಂಡಿ ಕಡೆಯವರು ಪಶು ಆಸ್ಪತ್ರೆಗೆ ಅಂತ ತರೀಕೆರೆಗೆ ಘಟ್ಟ ಇಳಿಯಬೇಕು. ಹಾಗಾಗಿ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಅಂತ ಮೊದಲೇ ತಿಳಿದಿರಬೇಕು.

ಚೆನ್ನಾಗಿರುವಾಗಲೇ ನೋಡಿಟ್ಟುಕೊಳ್ಳಿ

ಎಲೆಯ ಬಣ್ಣ ಗಿಡದ ಸ್ಥಿತಿ ಹೇಳುವ ಹಾಗೆ, ವಸಡಿನ ಬಣ್ಣ ನಾಯಿಯ ಸ್ಥಿತಿ ಹೇಳುತ್ತೆ. ವಸಡು ಗುಲಾಬಿಯಾಗಿ, ತೇವವಾಗಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಕಪ್ಪಗಿದ್ದರೆ ಕೆಳರೆಪ್ಪೆಯ ಒಳಭಾಗ ನೋಡಿ. ಮಲಗಿರುವಾಗ ಉಸಿರಾಟ ನಿಮಿಷಕ್ಕೆ 10ರಿಂದ 30 ಸಲ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಎಣಿಸಿ. ದೇಹದ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಒಣಗಿದ ಮಾತ್ರಕ್ಕೆ ಜ್ವರ ಅಂತಲ್ಲ.

ದೊಡ್ಡ ನಾಯಿ ಒಂದು ಸಲ ವಾಂತಿ ಮಾಡಿ, ನೀರು ಕುಡಿದು ಓಡಾಡಿಕೊಂಡಿದ್ದರೆ ಒಂದು ದಿನ ಕಾದು ನೋಡಬಹುದು.

ಕಾಯಬಾರದ ಲಕ್ಷಣಗಳು

1. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಮೂಗಿನಲ್ಲಿ ರಕ್ತ: ಉಣ್ಣೆ ಜ್ವರ ಇರಬಹುದು. ಇದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತೆ. ರಕ್ತ ಪರೀಕ್ಷೆ ಮಾಡಿಸಿ, ಬೇಗ ಔಷಧ ಶುರು ಮಾಡಿದರೆ ಗುಣವಾಗುತ್ತೆ. ಮೂಗಿಗೆ ಇಂಬಳ ಹೊಕ್ಕರೂ ರಕ್ತ ಬರಬಹುದು. ಯಾವುದೆಂದು ವೈದ್ಯರೇ ಹೇಳಲಿ.

2. ಮರಿಗೆ ವಾಂತಿ, ರಕ್ತಭೇದಿ: ಪಾರ್ವೊ ಇರಬಹುದು. ಮೈಯ ನೀರು ಬತ್ತಿ ಒಂದೆರಡು ದಿನದಲ್ಲೇ ಸಾಯಬಹುದು.

3. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬರದಿರುವುದು: ಜಠರ ತಿರುಚಿಕೊಂಡಿರಬಹುದು. ಇಲ್ಲಿ ಗಂಟೆಗಳ ಲೆಕ್ಕ.

4. ಮುಖ, ಕಾಲು ದಿಢೀರ್ ಊದುವುದು, ರೆಪ್ಪೆ ಜೋಲುವುದು, ಕಾಲು ಸೋಲುವುದು: ಹಾವು ಕಚ್ಚಿರಬಹುದು. ಕಟ್ಟು ಕಟ್ಟಬೇಡಿ, ಗಾಯ ಕುಯ್ಯಬೇಡಿ, ನಡೆಸದೆ ಹೊತ್ತೊಯ್ಯಿರಿ.

5. ಫಿಟ್ಸ್, ನಡುಕ, ಒಂದು ದಿನ ಮೂತ್ರ ಮಾಡದಿರುವುದು. ಇಲಿ ಪಾಷಾಣ ತಿಂದ ಅನುಮಾನವಿದ್ದರೆ ಪ್ಯಾಕೆಟ್ ಜೊತೆಗೇ ಒಯ್ಯಿರಿ.

ಇದೊಂದರಲ್ಲಿ ಮನೆಯವರ ಜೀವವೂ ಇದೆ

ಸ್ವಭಾವ ದಿಢೀರ್ ಬದಲಾಗಿದೆ, ಬೊಗಳುವ ದನಿ ಬೇರೆಯಾಗಿದೆ, ಕೆಳದವಡೆ ಜೋತು ಜೊಲ್ಲು ಸುರಿಯುತ್ತಿದೆ, ನುಂಗಲಾಗುತ್ತಿಲ್ಲ ಅಂದರೆ ರೇಬಿಸ್ ಇರಬಹುದು. ಎಲ್ಲ ರೇಬಿಸ್ ನಾಯಿಯೂ ಕಚ್ಚಲು ಬರುವುದಿಲ್ಲ. ಕೆಲವು ಮೂಲೆ ಸೇರಿ ಸುಮ್ಮನಾಗುತ್ತವೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದುಕೊಂಡು ಬಾಯಿಗೆ ಕೈ ಹಾಕಲೇಬೇಡಿ. ಮಕ್ಕಳನ್ನು ದೂರವಿಟ್ಟು, ನಾಯಿಯನ್ನು ಕೂಡಿಹಾಕಿ ವೈದ್ಯರನ್ನು ಕರೆಸಿ. ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಕ್ಷಣ ಶುರುವಾದ ಮೇಲೆ ಮನುಷ್ಯರಲ್ಲೂ ಇದು ಹೆಚ್ಚುಕಮ್ಮಿ ಸಾವೇ.

ಮನೆಮದ್ದಿನ ಬಗ್ಗೆ

ಬೇವಿನೆಣ್ಣೆ ಬೆಳೆಗೆ ಸರಿ, ಕಾಯಿಲೆ ಬಿದ್ದ ನಾಯಿಗೆ ಅದು ಚಿಕಿತ್ಸೆಯಲ್ಲ. ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು. ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದೂ ಕಾಡಿನ ಉಣ್ಣೆಯಿಂದಲೇ.

ಈಗಲೇ ಮಾಡಬಹುದಾದ್ದು

ಪಶು ವೈದ್ಯರ ನಂಬರ್, ಪಶು ಸಹಾಯವಾಣಿ 1962 ಎರಡನ್ನೂ ಸೇವ್ ಮಾಡಿಕೊಳ್ಳಿ. ಲಕ್ಷಣ ಕಂಡ ತಕ್ಷಣ ವಿಡಿಯೊ ಮಾಡಿ, ಹೊತ್ತು ಬರೆದಿಡಿ. ಫೋನಿನಲ್ಲಿ ವಿವರಿಸೋದಕ್ಕಿಂತ ಅದೇ ಹೆಚ್ಚು ಹೇಳುತ್ತೆ. ಮರಿಗೆ 3 ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷ ವರ್ಷ ತಪ್ಪಿಸಬೇಡಿ.