ಕುಮಾರಪರ್ವತಕ್ಕೆ ಎಷ್ಟು ನೀರು ಬೇಕು?

ಹೋದ ವರ್ಷ ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನವೇ ನಾವು ಏಳು ಜನ ಕುಮಾರಪರ್ವತಕ್ಕೆ ಹೊರಟೆವು. ತಯಾರಿ ಅಂತ ಮಾಡಿದ್ದು ಒಂದು ವಾಟ್ಸಾಪ್ ಗ್ರೂಪು, ಅಷ್ಟೇ. ಎರಡನೇ ದಿನ ಕಲ್ಲುಮಂಟಪದ ಹತ್ತಿರ ನಮ್ಮ ಗೆಳೆಯನೊಬ್ಬ ಕುಸಿದು ಕೂತ. ಮೀನಖಂಡ ಹಿಡ್ಕೊಂಡಿತ್ತು, ತಲೆ ಸುತ್ತುತ್ತಿತ್ತು, ವಾಂತಿ ಬೇರೆ. ಅವನ ಬ್ಯಾಗು ಬಿಚ್ಚಿ ನೋಡಿದರೆ ಎರಡು ಜೀನ್ಸ್, ಬ್ಲೂಟೂತ್ ಸ್ಪೀಕರ್, ಟ್ರೈಪಾಡ್, ಮತ್ತೆ ಒಂದೇ ಒಂದು ಲೀಟರಿನ ಖಾಲಿ ಬಾಟಲಿ. ಶೇಷಪರ್ವತ ಕಣ್ಣೆದುರೇ ಇತ್ತು. ನಾವು ವಾಪಸ್ ಇಳಿದೆವು.

ಈ ವರ್ಷ ಹೊರಡುವವರಿಗೆ ಹೀಗಾಗಬಾರದು. ಅದಕ್ಕೇ ಅವತ್ತು ನಾವು ಹಾಕದ ಲೆಕ್ಕವನ್ನು ಇಲ್ಲಿ ಹಾಕಿದ್ದೀವಿ.

ಮೊದಲು ಲೆಕ್ಕ

ಕುಮಾರಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಂದರೆ ಎರಡು ದಿನದಲ್ಲಿ 1,500 ಮೀಟರಿಗಿಂತ ಹೆಚ್ಚು ಏರಬೇಕು. ನಿಮ್ಮ ತೂಕ 60 ಕೆ.ಜಿ., ಬ್ಯಾಗು 10 ಕೆ.ಜಿ. ಅಂತ ಇಟ್ಕೊಳ್ಳಿ. ಪಿಯುಸಿಯಲ್ಲಿ ಕಲಿತ ಎಂ-ಜಿ-ಎಚ್ ಹಾಕಿದರೆ 70 × 9.8 × 1,500, ಸುಮಾರು 10 ಲಕ್ಷ ಜೂಲ್.

ನಮ್ಮ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಮಾತ್ರ ಕೆಲಸವಾಗುತ್ತೆ. ಹಾಗಾಗಿ ದೇಹ ಸುಮಾರು 40 ಲಕ್ಷ ಜೂಲ್ ಖರ್ಚು ಮಾಡುತ್ತೆ, ಅದರಲ್ಲಿ 30 ಲಕ್ಷ ಬರೀ ಶಾಖ. ಈ ಶಾಖ ಹೊರಹೋಗುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಒಯ್ಯುವ ಶಾಖ ಸುಮಾರು 24 ಲಕ್ಷ ಜೂಲ್. ಭಾಗಿಸಿ ನೋಡಿ: ಏರುವುದೊಂದಕ್ಕೇ ಒಂದೂಕಾಲು ಲೀಟರ್ ಬೆವರು.

ಇದು ಕಾಗದದ ಮೇಲಿನ ಲೆಕ್ಕ. ಗಿರಿಗದ್ದೆಯವರೆಗಿನ ಕಾಡಿನಲ್ಲಿ ಗಾಳಿಯೇ ಒದ್ದೆ, ಬೆವರು ಆವಿಯಾಗದೆ ತೊಟ್ಟಿಕ್ಕಿ ಹೋಗುತ್ತೆ, ಮೈ ತಣಿಯೋದಿಲ್ಲ. ಭಟ್ಟರ ಮನೆ ದಾಟಿದ ಮೇಲೆ ಬಟಾಬಯಲು ಹುಲ್ಲುಗಾವಲು, ತಲೆ ಮೇಲೆ ಬಿಸಿಲು. ಜೊತೆಗೆ ಇಳಿಯುವ ದಾರಿಯೂ ಇದೆ. ಆದ್ದರಿಂದ ನಮ್ಮ ನಿಯಮ: ನಡೆಯುವ ದಿನ ಬೆಳಿಗ್ಗೆ ಒಬ್ಬೊಬ್ಬರ ಬ್ಯಾಗಿನಲ್ಲೂ ಮೂರು ಲೀಟರ್ ನೀರು. ದಾರಿಯ ಝರಿಗಳನ್ನು ನಂಬಬೇಡಿ, ಬೇಸಿಗೆ ಹತ್ತಿರವಾದಂತೆ ಬತ್ತುತ್ತವೆ.

ಬೆವರಿನ ಜೊತೆ ಉಪ್ಪೂ ಹೋಗುತ್ತೆ. ಬರೀ ನೀರು ಗಟಗಟ ಕುಡಿದರೆ ಸಾಲದು. ತಲೆಗೆ ಎರಡು ಓಆರ್‌ಎಸ್ ಪೊಟ್ಟಣ ಇರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ.

ಆಮೇಲೆ ಬ್ಯಾಗು

ಮೂರು ಲೀಟರ್ ಅಂದರೆ ಮೂರು ಕೆ.ಜಿ. ಅದಕ್ಕೆ ಜಾಗ ಎಲ್ಲಿಂದ ಬರಬೇಕು? ಸ್ಪೀಕರ್, ಟ್ರೈಪಾಡ್, ಜೀನ್ಸ್‌ನಿಂದ. ಬ್ಯಾಗು ಹಗುರ ಮಾಡೋದು ಆರಾಮಕ್ಕಲ್ಲ, ನೀರಿಗೆ ಜಾಗ ಮಾಡೋಕೆ. ನೀರೂ ಸೇರಿ ಒಟ್ಟು ತೂಕ ನಿಮ್ಮ ತೂಕದ ಐದನೇ ಒಂದು ಭಾಗ ದಾಟಬಾರದು. ಹಿಂದಿನ ದಿನ ಮೆಸ್ಸಿಗೆ ಹೋಗಿ ತರಕಾರಿ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿ, ನಾಚಿಕೆ ಬೇಡ.

ಸ್ಲೀಪಿಂಗ್ ಬ್ಯಾಗ್ ತಳದಲ್ಲಿರಲಿ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಂತೆ ನಡುವೆ ಇರಲಿ. ದೂರ ಹೋದಷ್ಟೂ ಟಾರ್ಕ್ ಹೆಚ್ಚಿ ಬ್ಯಾಗು ನಿಮ್ಮನ್ನು ಹಿಂದಕ್ಕೆ ಎಳೆಯುತ್ತೆ. ಸೊಂಟದ ಪಟ್ಟಿ ಬಿಗಿಯಾಗಿ ಕಟ್ಟಿ, ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಲಿ. ಟಾರ್ಚು, ಮಳೆಕೋಟು, ಪ್ಲಾಸ್ಟರು ಮೇಲುಗಡೆ. ಊಟಕ್ಕೆ ಚಪಾತಿ, ಚಟ್ನಿಪುಡಿ, ಕಡಲೆಮಿಠಾಯಿ, ಖರ್ಜೂರ ಸಾಕು. ಕವರು, ಸಿಪ್ಪೆ ಎಲ್ಲ ನಿಮ್ಮ ಬ್ಯಾಗಿನಲ್ಲೇ ವಾಪಸ್ ಬರಬೇಕು.

ನಾಲ್ಕು ವಾರ ಮೊದಲೇ

ವಾರಕ್ಕೆ ಮೂರು ಸಲ ಹಾಸ್ಟೆಲ್ ಮೆಟ್ಟಿಲು ಹತ್ತಿ ಇಳಿಯಿರಿ. ಮೊದಲ ವಾರ ಬರಿಗೈಲಿ, ಎರಡನೇ ವಾರದಿಂದ ಪುಸ್ತಕ ತುಂಬಿದ ಬ್ಯಾಗಿನ ಜೊತೆ. ಇಳಿಯೋದನ್ನು ಲಿಫ್ಟಿಗೆ ಬಿಡಬೇಡಿ. ಮಂಡಿ ನೋಯೋದು ಇಳಿಯುವಾಗಲೇ. ಹೊಸ ಶೂ ಹಾಕ್ಕೊಂಡು ಬೆಟ್ಟಕ್ಕೆ ಬರಬೇಡಿ, ಈಗಿನಿಂದಲೇ ಕ್ಲಾಸಿಗೆ ಹಾಕಿ ಪಳಗಿಸಿ.

ಈ ದಾರಿ ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದ್ದು. ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು, ಮಳೆಗಾಲದಲ್ಲಿ ಹತ್ತೋಕೆ ಬಿಡೋದಿಲ್ಲ. ರಾತ್ರಿ ಎಲ್ಲಿ ತಂಗಬಹುದು ಎಂಬ ನಿಯಮ ಬದಲಾಗುತ್ತಿರುತ್ತೆ, ಬುಕ್ ಮಾಡುವ ಮೊದಲೇ ವಿಚಾರಿಸಿ.

ಕೊನೆಗೆ, ವಾಪಸ್ ಬರುವ ಗಂಟೆ

ಹೊರಡುವ ಮೊದಲೇ ಒಂದು ಗಂಟೆ ನಿಗದಿ ಮಾಡಿ. ಅಷ್ಟರೊಳಗೆ ತುದಿ ಮುಟ್ಟದಿದ್ದರೆ ಎಲ್ಲಿದ್ದೀವೋ ಅಲ್ಲಿಂದಲೇ ವಾಪಸ್. ಮೇಲೆ ಹೋದಮೇಲೆ ಚರ್ಚೆ ಶುರು ಮಾಡಿದರೆ ಯಾರಿಗೂ ಇಳಿಯೋ ಮನಸ್ಸಿರೋದಿಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ, ಗುಂಪು ಅವರ ವೇಗದಲ್ಲಿ ನಡೆಯಲಿ. ಅವತ್ತು ನಮ್ಮ ಗೆಳೆಯ ಕೊನೆಯಲ್ಲಿದ್ದ. ಬೆಳಿಗ್ಗೆಯಿಂದ ತಲೆ ನೋಯ್ತಿದ್ದರೂ ಹೇಳಿರಲಿಲ್ಲ, ನಾವೂ ತಿರುಗಿ ಕೇಳಿರಲಿಲ್ಲ. ನೀರಿನ ಲೆಕ್ಕಕ್ಕಿಂತ ನಮ್ಮನ್ನು ಈಗಲೂ ಚುಚ್ಚೋದು ಇದೇ.

ಈ ಡಿಸೆಂಬರಿನಲ್ಲಿ ಅದೇ ಏಳು ಜನ ಮತ್ತೆ ಹೊರಟಿದ್ದೀವಿ. ಸಾಮಾನಿನ ಪಟ್ಟಿ ಮಾಡಿರೋನು ಅವನೇ. ಮೊದಲನೇ ಸಾಲು: ನೀರು, ಮೂರು ಲೀಟರ್.