ಎತ್ತಿದ ಹೊರೆ

ಮಾನವನು ಅನಾದಿಕಾಲದಿಂದಲೂ ಹೊರೆ ಹೊರುತ್ತ ಬಂದಿದ್ದಾನೆ. ಕೈಯಲ್ಲಿ ಕೊಕ್ಕೆ ಹಿಡಿದು, ಬೆನ್ನಿನ ಮೇಲೆ ಮೂಟೆ ಹೊತ್ತು ದುಡಿಯುವ ಹಮಾಲರನ್ನು ನಮ್ಮ ಮಂಡಿಗಳಲ್ಲಿ ಇಂದಿಗೂ ಕಾಣಬಹುದು. ಈ ಶ್ರಮವನ್ನು ಹಗುರಗೊಳಿಸಿದ ಯಂತ್ರಗಳಲ್ಲಿ ಫೋರ್ಕ್‌ಲಿಫ್ಟ್ ಒಂದು. ಅದರ ಮುಂದೆ ಚಾಚಿಕೊಂಡಿರುವ ಎರಡು ಉಕ್ಕಿನ ಕವಲುಗಳು ಹೊರೆಯ ಅಡಿಗೆ ತೂರಿ, ಅದನ್ನು ಆಳೆತ್ತರಕ್ಕೂ ಮೀರಿದ ಅಟ್ಟಗಳ ಮೇಲೆ ಇಡುತ್ತವೆ. ಹಲವಾರು ಆಳುಗಳ ಕೆಲಸವನ್ನು ಒಬ್ಬನೇ ಚಾಲಕನು ಮಾಡಿ ಮುಗಿಸುತ್ತಾನೆ.

ಆದರೆ ಯಂತ್ರವು ಶ್ರಮವನ್ನು ಕಡಿಮೆ ಮಾಡಿತೇ ಹೊರತು ಭಾರವನ್ನಲ್ಲ. 5 ಮೀಟರ್ ಎತ್ತರದಿಂದ ಜಾರಿದ 50 ಕಿಲೋಗ್ರಾಂ ಮೂಟೆಯು ನೆಲ ಮುಟ್ಟಲು ಸುಮಾರು ಒಂದು ಸೆಕೆಂಡು ಸಾಕು. ಆಗ ಅದರ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ಕೆಳಗಿದ್ದವನು ಕತ್ತೆತ್ತಿ ನೋಡುವಷ್ಟರಲ್ಲಿ ಅನಾಹುತ ನಡೆದುಹೋಗಿರುತ್ತದೆ. ತಲೆಯ ಮೇಲಿನ ಶಿರಸ್ತ್ರಾಣವೂ ಅಂತಹ ಪೆಟ್ಟನ್ನು ತಡೆಯಲಾರದು.

ಯಂತ್ರದ ರಚನೆಯನ್ನು ಅರಿತರೆ ಅಪಾಯದ ಕಾರಣವೂ ತಿಳಿಯುತ್ತದೆ. ತಕ್ಕಡಿಯಲ್ಲಿರುವಂತೆ, ಮುಂದಿನ ಗಾಲಿಗಳ ಆಚೆಗೆ ಹೊರೆ, ಈಚೆಗೆ ಅದನ್ನು ಸರಿದೂಗಿಸುವ ತೂಕ. ಹೊರೆಯನ್ನು ಎತ್ತಿದಷ್ಟೂ ಗುರುತ್ವಕೇಂದ್ರವು ಮೇಲೇರುತ್ತದೆ. ಆ ಸ್ಥಿತಿಯಲ್ಲಿ ವೇಗವಾಗಿ ತಿರುಗಿದರೆ ಯಂತ್ರವೇ ಮಗುಚೀತು. ತಿರುಗುವವು ಹಿಂದಿನ ಗಾಲಿಗಳಾದ್ದರಿಂದ ತಿರುವಿನಲ್ಲಿ ಹಿಂಭಾಗವು ಹೊರಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತವನು ಯಂತ್ರಕ್ಕೂ ಗೋಡೆಗೂ ನಡುವೆ ಸಿಲುಕಬಹುದು. ಹೊರೆ ಮಿತಿಮೀರಿದಾಗ ಹಿಂಬದಿಗೆ ಆಳುಗಳನ್ನು ಹತ್ತಿಸಿ ತೂಕ ಸರಿಗಟ್ಟುವುದಂತೂ ಅವರ ಪ್ರಾಣದೊಡನೆ ಆಡುವ ಆಟ.

ಅಪಾಯದ ಗಳಿಗೆಯಲ್ಲಿ ಸಹಜ ಪ್ರವೃತ್ತಿಯೂ ಶತ್ರುವಾಗುತ್ತದೆ. ಯಂತ್ರ ಮಗುಚುವಾಗ ಹೊರಕ್ಕೆ ಜಿಗಿದ ಚಾಲಕನು ಅದರ ಚಾವಣಿಯ ಚೌಕಟ್ಟಿನ ಅಡಿಯಲ್ಲಿಯೇ ಸಿಲುಕಬಹುದು. ಆಸನದ ಪಟ್ಟಿಯನ್ನು ಮೊದಲೇ ಕಟ್ಟಿಕೊಂಡಿದ್ದು, ಕುಳಿತಲ್ಲಿಯೇ ಬಿಗಿಯಾಗಿ ಹಿಡಿದುಕೊಂಡು, ಯಂತ್ರ ಬೀಳುವ ದಿಕ್ಕಿಗೆ ವಿರುದ್ಧವಾಗಿ ಬಾಗಬೇಕೆಂದು ತರಬೇತಿಯಲ್ಲಿ ಕಲಿಸುತ್ತಾರೆ. ಜಾರುವ ಮೂಟೆಗೆ ಕೈಯೊಡ್ಡುವುದೂ ಅಂತಹುದೇ ತಪ್ಪು. ಹೋದ ಸಾಮಾನನ್ನು ಮತ್ತೆ ತರಬಹುದು. ಮುರಿದ ಬೆನ್ನುಮೂಳೆಯನ್ನು ತರಲಾಗದು.

ಭಾರ ಎತ್ತುವ ಯಂತ್ರಗಳ ಮೇಲೆ ಸುರಕ್ಷಿತ ಭಾರಮಿತಿಯನ್ನು ಸ್ಪಷ್ಟವಾಗಿ ಗುರುತಿಸಬೇಕು, ಅದನ್ನು ಮೀರಬಾರದು, 12 ತಿಂಗಳಿಗೊಮ್ಮೆಯಾದರೂ ಅವುಗಳನ್ನು ಪರೀಕ್ಷಿಸಬೇಕು ಎಂದು ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ವಿಧಿಸಿತು. ಆದರೆ ಕಾಯಿದೆಯು ಮೂಟೆಯನ್ನು ಹಿಡಿದು ನಿಲ್ಲಿಸದು. ನಡೆಯುವವರಿಗೆ ಬೇರೆ ದಾರಿಯನ್ನು ಗುರುತಿಸುವುದು, ಚಾಲಕನಿಗೆ ತಕ್ಕ ತರಬೇತಿ ಕೊಡಿಸುವುದು, ಅವಸರಪಡಿಸದಿರುವುದು ಮಾಲೀಕನ ಹೊಣೆ. ಎತ್ತಿದ ಹೊರೆಯ ಕೆಳಗೆ ಎಂದೂ ಹಾಯದಿರುವುದು ಕೆಲಸಗಾರನ ಹೊಣೆ. ಬೀಳುವ ಹೊರೆಯು ಕೊಡುವ ಆ ಒಂದು ಸೆಕೆಂಡಿನಲ್ಲಿ ಎಚ್ಚರವನ್ನು ಕಲಿಯಲಾಗದು. ಮೊದಲೇ ಕಲಿತು ರೂಢಿಸಿಕೊಂಡಿರಬೇಕು.