ಪಗಾರ ನಿಲ್ಲುವ ಮುನ್ನ: ಲಿಂಗನೂರಿನವರಿಗೆ ವಯಸ್ಸಿನ ಲೆಕ್ಕ

ಮಿರಜ ತಾಲ್ಲೂಕಿನ ಲಿಂಗನೂರಲ್ಲಿ ಮನೆಮಾತು ಕನ್ನಡ, ಅರ್ಜಿ ಮರಾಠಿ. ಅಥಣಿಯ ಬೀಗರು ಹೇಳಿದ ವಯಸ್ಸನ್ನೇ ನಂಬಿ ಕೂತರೆ ಕೆಟ್ಟಿರಿ. ಪಿಂಚಣಿಯ ಎಷ್ಟೋ ನಿಯಮಗಳು ಗಡಿ ದಾಟಿದರೆ ಬೇರೆ.

1. ಹುಟ್ಟಿದ ತಾರೀಖು ಮೊದಲು ಸರಿಮಾಡಿಕೊಳ್ಳಿ. ಹಳೆಯ ತಲೆಮಾರಿನ ಎಷ್ಟೋ ಮಂದಿ ಹುಟ್ಟಿದ್ದು ಜೂನ್ 1ಕ್ಕೆ! ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದದ್ದು ಅದು. ಇರಲಿ, ಆದರೆ ಶಾಲೆಯ ದಾಖಲೆ, ಆಧಾರ್, ಪಿಎಫ್ ಮೂರರಲ್ಲೂ ಅದೇ ತಾರೀಖಿರಬೇಕು. ಆಧಾರ್‌ನಲ್ಲಿ ಜನ್ಮದಿನ ತಿದ್ದಲು ಸಾಮಾನ್ಯವಾಗಿ ಸಿಗುವುದು ಒಂದೇ ಅವಕಾಶ.

2. 40ರೊಳಗೆ ಸೇರಿ. ಅಟಲ್ ಪಿಂಚಣಿಗೆ 18ರಿಂದ 40ರೊಳಗಿನವರು ಸೇರಬಹುದು, ಆದಾಯ ತೆರಿಗೆ ಕಟ್ಟುವವರಿಗೆ ಅವಕಾಶವಿಲ್ಲ. 60ರ ನಂತರ ತಿಂಗಳಿಗೆ 5,000 ರೂಪಾಯಿ ಬೇಕೆಂದರೆ 18ರಲ್ಲಿ ಸೇರಿದವರ ಕಂತು 210, 30ರಲ್ಲಿ 577, 40ರಲ್ಲಿ 1,454. ಎರಡು ಹೆಕ್ಟೇರ್‌ವರೆಗಿನ ರೈತರಿಗೆ ಕಿಸಾನ್ ಮಾನಧನ್ ಇದೆ: ವಯಸ್ಸಿಗೆ ತಕ್ಕಂತೆ 55ರಿಂದ 200 ರೂಪಾಯಿ ಕಂತು, ಅಷ್ಟನ್ನೇ ಕೇಂದ್ರವೂ ಹಾಕುತ್ತದೆ, 60ಕ್ಕೆ 3,000 ಪಿಂಚಣಿ. ದ್ರಾಕ್ಷಿಗೆ ಬೆಲೆ ಬಂದ ವರ್ಷವೇ ಸೇರಿಬಿಡಿ. ಬೆಲೆ ಬಿದ್ದ ವರ್ಷ ಮನಸ್ಸು ಬರುವುದಿಲ್ಲ.

3. 50ಕ್ಕೇ ಪಿಎಫ್ ಪಿಂಚಣಿಗೆ ಕೈಹಾಕಬೇಡಿ. ಹತ್ತು ವರ್ಷ ಸೇವೆಯಾದವರಿಗೆ ಪೂರ್ತಿ ಪಿಂಚಣಿ 58ಕ್ಕೆ. ಮೊದಲೇ ತೆಗೆದರೆ ವರ್ಷಕ್ಕೆ ಶೇ. 4ರಂತೆ ಕಡಿತ, ಅದೂ ಜೀವನಪರ್ಯಂತ. ಕುಪವಾಡದಲ್ಲಿ ಕಾರ್ಖಾನೆ ಬದಲಿಸಿದವರು ಹಳೆಯ ಸೇವೆಯನ್ನು ಈಗಿನ ಖಾತೆಗೆ ಸೇರಿಸಿಕೊಳ್ಳಿ.

4. ಜಿಲ್ಲಾ ಪರಿಷತ್ ಶಾಲೆಯ ಮಾಸ್ತರರೇ, ನಿಮ್ಮ ನಿವೃತ್ತಿ 58ಕ್ಕೆ. ಕರ್ನಾಟಕದವರಿಗೆ 60. ಮನೆ ಸಾಲದ ಕಂತನ್ನು ಆ ಲೆಕ್ಕದಲ್ಲಿ ಹಾಕಬೇಡಿ.

5. 60 ಆದಮೇಲೆ ಕೈಗೆ ಬಂದ ಗಂಟಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆ ಸಾಕು. ಮಿತಿ 30 ಲಕ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ. ಭೀಶಿ, ಚೀಟಿಯ ಸಹವಾಸ ಬೇಡ.

6. 65ಕ್ಕೆ ಮಿರಜ ತಹಸೀಲ್ದಾರ ಕಚೇರಿಗೆ ಹೋಗಿ. ಶ್ರಾವಣಬಾಳ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 21,000 ಮೀರಿರಬಾರದು, ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿರಬೇಕು. ಎಸ್‌ಟಿಯಲ್ಲಿ ಅರ್ಧ ಟಿಕೆಟ್ ಕೂಡ ಇದೇ ವಯಸ್ಸಿಗೆ. 75ಕ್ಕೆ ಪೂರ್ತಿ ಮಾಫಿ, ಆದರೆ ರಾಜ್ಯದ ಗಡಿಯವರೆಗೆ ಮಾತ್ರ. ಮುಂದೆ ಅಥಣಿಗೆ ದುಡ್ಡು ಕೊಟ್ಟೇ ಹೋಗಬೇಕು.

7. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. 2024ರ ಅಕ್ಟೋಬರ್‌ನಿಂದ ಈ ಸೌಲಭ್ಯವಿದೆ. ಮಿರಜ ಆಸ್ಪತ್ರೆಗಳ ಊರೇನೋ ಹೌದು, ಎಲ್ಲವೂ ಯೋಜನೆಗೆ ಸೇರಿಲ್ಲ. ಅಜ್ಜ, ಅಜ್ಜಿ ಗಟ್ಟಿಮುಟ್ಟಾಗಿರುವಾಗಲೇ ಕಾರ್ಡ್ ಮಾಡಿಸಿ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂದು ವಿಚಾರಿಸಿಟ್ಟುಕೊಳ್ಳಿ.